ದೊರೆ ಹೂಡಿದ ಆಟ

ಬೇಸಗೆಯ ರಜೆ ಬಂದಿತೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಸುತ್ತಣ ಊರುಗಳ ಅಜ್ಜಿಯ ಮನೆಗೆ ಬೆಂಗಳೂರಿನ ಮೊಮ್ಮಕ್ಕಳ ದಂಡು ಬಂದಿಳಿಯುವುದುಂಟು. ಮೊದಲೆರಡು ದಿನ ತೋಟ, ತೋಪು, ಬಾವಿಕಟ್ಟೆಗಳಲ್ಲಿ ಕಳೆಯುತ್ತದೆ. ಮೂರನೆಯ ದಿನದ ಮಧ್ಯಾಹ್ನ ಬಿಸಿಲು ಹೊರಗೆ ಕಾಲಿಡಗೊಡದು. ಆಗ ಅಜ್ಜಿ ಸೀಮೆಸುಣ್ಣದ ಚೂರೊಂದನ್ನು ಹಿಡಿದು ಜಗುಲಿಯ ಮೇಲೆ ಅಡ್ಡಲಾಗಿ ಐದು, ಉದ್ದಕ್ಕೆ ಐದು ಮನೆಗಳನ್ನು ಬರೆಯುತ್ತಾಳೆ. ನಾಲ್ಕು ಕವಡೆಗಳು ಹೊರಬರುತ್ತವೆ. ನಾಲ್ಕೂ ಅಂಗಾತ ಬಿದ್ದರೆ ಚೌಕ; ನಾಲ್ಕೂ ಬೋರಲು ಬಿದ್ದರೆ ಬಾರ, ಎಂದರೆ ಎಂಟು. ಕವಡೆ ಇಲ್ಲದ ಮನೆಯಲ್ಲಿ ಹುಣಿಸೆಬೀಜವನ್ನು ಕಲ್ಲಿನ ಮೇಲೆ ಒಂದು ಮಗ್ಗುಲಿಗೆ ತೇಯ್ದರಾಯಿತು. ಕಾಯಿಗಳಿಗೆ ಒಡೆದ ಬಳೆಯ ಚೂರು ಸಾಕು. ಸುತ್ತಿ ಸುತ್ತಿ ಬಂದು ನಡುಮನೆಯನ್ನು ಸೇರಿದ ಕಾಯಿ ಹಣ್ಣಾಯಿತೆಂದು ಲೆಕ್ಕ.

ಚೌಕಾಬಾರವನ್ನು ಕಟ್ಟಿದವರು ಯಾರು? ಇದಕ್ಕೆ ಉತ್ತರವಿಲ್ಲ. ತ್ರಿಪದಿಯಂತೆ, ಗಾದೆಯಂತೆ, ಅದು ಎಲ್ಲರದೂ ಹೌದು, ಯಾರದೂ ಅಲ್ಲ. ಆಟಗಳಿಗೆ ಕರ್ತೃವೆಂಬುವನು ಇರುವುದೇ ಅಪರೂಪ. ಆದರೆ ಕನ್ನಡನಾಡಿನಲ್ಲಿ ಒಬ್ಬರು ತಮ್ಮ ಹೆಸರಿನಲ್ಲಿಯೇ ಆಟಗಳನ್ನು ಹೂಡಿದರು; ಹಳೆಯ ಆಟಗಳಿಗೆ ಹೊಸ ನಿಯಮಗಳನ್ನು ಕಟ್ಟಿದರು; ಅವುಗಳನ್ನು ಚಿತ್ರಗಳಲ್ಲಿ ಬರೆಯಿಸಿ ಗ್ರಂಥವಾಗಿ ಉಳಿಸಿದರು. ಅವರು ಮೈಸೂರಿನ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರು.

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನು 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಕೋಟೆಯಲ್ಲಿ ಮಡಿದ ಮೇಲೆ, ಬ್ರಿಟಿಷರು ಹಳೆಯ ಅರಸುಮನೆತನದ ಬಾಲಕನೊಬ್ಬನನ್ನು ಸಿಂಹಾಸನದ ಮೇಲೆ ಕುಳ್ಳಿರಿಸಿದರು. 1794ರಲ್ಲಿ ಜನಿಸಿದ ಆ ಬಾಲಕನಿಗೆ, 1799ರ ಜೂನ್ 30ರಂದು ಪಟ್ಟವಾದಾಗ, ಇನ್ನೂ ಐದು ತುಂಬಿರಲಿಲ್ಲ. ದಿವಾನ್ ಪೂರ್ಣಯ್ಯನವರು ರಾಜ್ಯವನ್ನು ನಡೆಸಿದರು. ದೊರೆ ಬೆಳೆದು ಅಧಿಕಾರವನ್ನು ವಹಿಸಿಕೊಂಡರು. 1831ರಲ್ಲಿ, ನಗರದ ರೈತರ ದಂಗೆಯನ್ನೂ ಅರಮನೆಯ ಸಾಲವನ್ನೂ ಮುಂದುಮಾಡಿ, ಗವರ್ನರ್ ಜನರಲ್ ಬೆಂಟಿಂಕನು ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡನು. ಆಗ ದೊರೆಗೆ 37 ವರ್ಷ. ಮುಂದೆಯೂ ಅಷ್ಟೇ ಕಾಲ, 1868ರ ಮಾರ್ಚ್ 27ರವರೆಗೆ, ಅವರು ಬದುಕಿದರು. ಬಾಳಿನ ಎರಡನೆಯ ಅರ್ಧ ಹೀಗೆ ರಾಜ್ಯವಿಲ್ಲದ ರಾಜನಾಗಿ ಕಳೆಯಿತು.

ಆ ಅರಮನೆಯ ಆಶ್ರಯದಲ್ಲಿ ಸಿದ್ಧವಾದ ಮಹಾಕೋಶವೇ ‘ಶ್ರೀತತ್ತ್ವನಿಧಿ’. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ ಎಂಬ ಒಂಬತ್ತು ನಿಧಿಗಳು ಅದರಲ್ಲಿವೆ. ದೇವತೆಗಳ ಧ್ಯಾನಶ್ಲೋಕಗಳು, ಆ ಧ್ಯಾನಕ್ಕೆ ತಕ್ಕ ವರ್ಣಚಿತ್ರಗಳು ಪುಟಪುಟದಲ್ಲಿಯೂ ಕಾಣುತ್ತವೆ. ಮೊದಲ ಎಂಟು ನಿಧಿಗಳನ್ನು ಕಂಡವರು ಒಂಬತ್ತನೆಯದರಲ್ಲಿಯೂ ದೇವರನ್ನೇ ನಿರೀಕ್ಷಿಸಬಹುದು. ಕೌತುಕನಿಧಿಯಲ್ಲಿ ಇರುವುದು ಬೇರೊಂದು ಲೋಕ. ಅಲ್ಲಿ 122 ಯೋಗಾಸನಗಳ ಚಿತ್ರಗಳಿವೆ. ಇವುಗಳನ್ನು 1996ರಲ್ಲಿ ವಿದ್ವಾಂಸ ಎನ್. ಇ. ಸ್ಯೋಮನ್ ಪ್ರಕಟಿಸಿದ ಮೇಲೆ ಹೊರಜಗತ್ತು ಬೆರಗಾಯಿತು. ಅಲ್ಲಿಯೇ ಆಟದ ಎಲೆಗಳ ವಿವರಗಳೂ ಇವೆ. ದೇವರ ಧ್ಯಾನಕ್ಕೂ ಆಟದ ನಿಯಮಕ್ಕೂ ಒಂದೇ ಗ್ರಂಥದಲ್ಲಿ ಎಡೆ ದೊರಕಿತೆಂಬುದು ಗಮನಿಸತಕ್ಕ ವಿಷಯ. ದೊರೆಯ ಎಣಿಕೆಯಲ್ಲಿ ಆಟವು ಪಂಡಿತರು ಬರೆದಿಡತಕ್ಕ, ಚಿತ್ರಗಾರರು ಚಿತ್ರಿಸತಕ್ಕ ವಿದ್ಯೆಯಾಗಿತ್ತು.

ಈ ಎಲೆಗಳ ಹೆಸರು ಗಂಜೀಫಾ. ಮೊಗಲ ದೊರೆ ಬಾಬರನು 1527ರಲ್ಲಿ ಸಿಂಧಿನ ಸ್ನೇಹಿತನೊಬ್ಬನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿಕೊಟ್ಟುದನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಇಸ್ಪೀಟಿನ ಎಲೆ ಆಯತಾಕಾರ. ಗಂಜೀಫಾ ಎಲೆ ಸಾಮಾನ್ಯವಾಗಿ ಗುಂಡು, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಬಟ್ಟೆಯ ಅಥವಾ ಕಾಗದದ ಪದರಗಳನ್ನು ಹುಣಿಸೆಬೀಜದ ಅಂಟಿನಿಂದ ಕೂಡಿಸಿ, ಒಣಗಿಸಿ, ನುಣುಪು ಮಾಡಿ, ಬಣ್ಣವಿಟ್ಟು, ಮೇಲೆ ಅರಗಿನ ಮೆರುಗು ಕೊಡುತ್ತಿದ್ದರು. ಸಿರಿವಂತರಿಗೆ ದಂತದ ಎಲೆಗಳೂ ಆಗುತ್ತಿದ್ದುವು.

ಮೊಗಲರ ಗಂಜೀಫಾದಲ್ಲಿ ಎಂಟು ಪಂಗಡ, ಪಂಗಡಕ್ಕೆ ಹನ್ನೆರಡರಂತೆ 96 ಎಲೆ. ಆಟ ನಮ್ಮವರ ಕೈಗೆ ಬಂದಾಗ ಪಂಗಡಗಳು ಹತ್ತಾದುವು, ಒಂದೊಂದಕ್ಕೂ ವಿಷ್ಣುವಿನ ಒಂದೊಂದು ಅವತಾರ ಒಡೆಯನಾಯಿತು. ಇದೇ 120 ಎಲೆಗಳ ದಶಾವತಾರ ಗಂಜೀಫಾ. ಪ್ರತಿ ಪಂಗಡದಲ್ಲಿಯೂ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗಿನ ಎಣಿಕೆಯ ಎಲೆಗಳು. ಆಡುವವರು ಸಾಮಾನ್ಯವಾಗಿ ಮೂವರು. ಹಗಲಿನಲ್ಲಿ ಆಟವಾದರೆ ರಾಮನನ್ನು ಕೈಯಲ್ಲಿ ಹಿಡಿದವನು ಮೊದಲು ಇಳಿಯಬೇಕು. ರಾತ್ರಿಯಾದರೆ ಕೃಷ್ಣನನ್ನು ಹಿಡಿದವನು. ಇನ್ನೊಂದು ತೊಡಕೂ ಉಂಟು. ಐದು ಪಂಗಡಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದ ಐದರಲ್ಲಿ ಒಂದೇ ದೊಡ್ಡದು, ಹತ್ತು ಚಿಕ್ಕದು. ಯಾವ ಎಲೆ ಇಳಿಯಿತು, ಯಾವುದು ಇನ್ನೂ ಯಾರ ಕೈಯಲ್ಲಿದೆ ಎಂಬುದನ್ನು ಕಡೆಯವರೆಗೆ ನೆನಪಿನಲ್ಲಿಟ್ಟವನಿಗೇ ಗೆಲುವು. ಅದೃಷ್ಟಕ್ಕಿಂತ ಜ್ಞಾಪಕಕ್ಕೆ ಇಲ್ಲಿ ಹೆಚ್ಚಿನ ಬೆಲೆ.

ಈ ಬೇರಿನಿಂದ ಮುಮ್ಮಡಿಯವರು ಹೊಸ ಹೊಸ ಕೊಂಬೆಗಳನ್ನು ಹೊರಡಿಸಿದರು. ಮೈಸೂರಿನಲ್ಲಿ ಇವಕ್ಕೆ ‘ಛದ’ವೆಂದು ಹೆಸರು, ಸಂಸ್ಕೃತದಲ್ಲಿ ಛದವೆಂದರೆ ಎಲೆ. ಚಾಮುಂಡೇಶ್ವರಿ ಛದದಲ್ಲಿ 16 ಪಂಗಡ, 320 ಎಲೆ. ಜಗನ್ಮೋಹನ ಛದದಲ್ಲಿ 18 ಪಂಗಡ, 360 ಎಲೆ. ಪಂಚಪಾಂಡವ ಛದ, ಏಕಾದಶರುದ್ರ ಛದ, ದಿಕ್ಪಾಲ ಛದ ಎಂಬ ಹೆಸರುಗಳೇ ಪುರಾಣದ ಪರಿವಿಡಿಯಂತಿವೆ. ದೊರೆಯ ಹೆಸರನ್ನೇ ಹೊತ್ತ ಕೃಷ್ಣರಾಜ ಛದವೂ ಇದೆ. ದೇವತೆಯ ವಾಹನವೇನು, ಆಯುಧವೇನು, ಮೈಬಣ್ಣವೇನು ಎಂಬುದನ್ನು ಬಲ್ಲವನಿಗೆ ಎಲೆಯ ಗುರುತು ಹಿಡಿಯುವುದು ಸುಲಭ. ಅರಿಯದವನು ಆಡುತ್ತ ಆಡುತ್ತ ಅರಿಯಬೇಕು. ಎಲೆಯಾಟದ ಜೊತೆಗೆ ಹಾಸಿನ ಆಟವನ್ನೂ ಅವರು ಕಟ್ಟಿದರು. ‘ದೇವೀಸಾಯುಜ್ಯ’ವೆಂಬ ಆಟದ ಗುರಿ ಏನೆಂಬುದನ್ನು ಅದರ ಹೆಸರೇ ಹೇಳುತ್ತದೆ.

ಚದುರಂಗದಲ್ಲಿ ಅವರಿಗೆ ಇದ್ದ ಆಸಕ್ತಿ ಇನ್ನೂ ಆಳವಾದುದು. ಹಾಸಿನ ಮೇಲೆ ಕುದುರೆಯನ್ನು ಒಂದೇ ಮನೆಗೆ ಎರಡು ಸಲ ಬಾರದಂತೆ ಎಲ್ಲ ಮನೆಗಳಿಗೂ ನಡೆಸುವುದು ಒಂದು ಹಳೆಯ ಕೌಶಲ. ನಮ್ಮ ಅಲಂಕಾರಿಕರು ಇದನ್ನು ಕಾವ್ಯಕ್ಕೂ ತಂದಿದ್ದರು. 9ನೆಯ ಶತಮಾನದ ರುದ್ರಟನ ‘ಕಾವ್ಯಾಲಂಕಾರ’ದಲ್ಲಿ ಕುದುರೆಯ ನಡೆಯ ಚಿತ್ರಕವಿತ್ವವಿದೆ. ಸತ್ಯಾಗಾಲದಲ್ಲಿ ಕೆಲಕಾಲ ನೆಲೆಸಿದ್ದರೆಂದು ಪ್ರತೀತಿಯಿರುವ ವೇದಾಂತದೇಶಿಕರ ‘ಪಾದುಕಾಸಹಸ್ರ’ದಲ್ಲಿ, ಒಂದು ಶ್ಲೋಕದ 32 ಅಕ್ಷರಗಳನ್ನು ಮನೆಗಳಲ್ಲಿ ಬರೆದು ಕುದುರೆಯ ನಡೆಯಂತೆ ಓದಿದರೆ ಮುಂದಿನ ಶ್ಲೋಕ ಹೊರಡುತ್ತದೆ.

ಕುದುರೆ ಮುಟ್ಟಿದ ಮನೆಗಳಿಗೆ ಒಂದು, ಎರಡು, ಮೂರು ಎಂದು ಅಂಕೆ ಕೊಡುತ್ತ ಹೋಗುವುದು, ಕೊನೆಯಲ್ಲಿ ಅಡ್ಡಸಾಲು ಉದ್ದಸಾಲುಗಳೆಲ್ಲದರ ಮೊತ್ತವೂ ಒಂದೇ ಆಗುವಂತೆ ಮಾಡುವುದು ಇನ್ನೂ ಕಠಿನವಾದ ಕೆಲಸ. 64 ಮನೆಯ ಹಾಸಿನಲ್ಲಿ ಈ ಮೊತ್ತ 260 ಆಗಬೇಕು. ಇಂಗ್ಲೆಂಡಿನಲ್ಲಿ ಬೆವರ್ಲಿ ಎಂಬುವನು 1848ರಲ್ಲಿ ಇಂಥದೊಂದನ್ನು ಪ್ರಕಟಿಸಿದನು. ಕರ್ಣಗಳ ಮೊತ್ತವೂ 260 ಆಗುವಂಥ ನಡೆ 64 ಮನೆಯಲ್ಲಿ ಸಾಧ್ಯವೇ ಇಲ್ಲವೆಂಬುದು ಸಿದ್ಧವಾದುದು 2003ರಲ್ಲಿ, ಅದೂ ಗಣಕಯಂತ್ರಗಳು ಎರಡು ತಿಂಗಳು ಎಡೆಬಿಡದೆ ಲೆಕ್ಕ ಹಾಕಿದ ಮೇಲೆ. 19ನೆಯ ಶತಮಾನದ ನಡುಗಾಲದಲ್ಲಿ ಮೈಸೂರಿನ ದೊರೆ ಹನ್ನೆರಡು ಮನೆಗೆ ಹನ್ನೆರಡು ಮನೆಯ ದೊಡ್ಡ ಹಾಸನ್ನು ತೆಗೆದುಕೊಂಡರು. 144 ಮನೆಗಳಿಗೂ ಕುದುರೆಯನ್ನು ನಡೆಸಿ ಪ್ರತಿ ಸಾಲಿನಲ್ಲಿಯೂ 870 ಬರುವಂತೆ ಮಾಡಿದರು. ಕಾಗದ, ಲೇಖನಿ, ತಾಳ್ಮೆ ಇವಿಷ್ಟೇ ಅವರ ಸಾಧನಗಳು.

ಧರ್ಮರಾಯನು ಆಟವಾಡಿ ರಾಜ್ಯವನ್ನು ಕಳೆದುಕೊಂಡನು, ಇವರು ರಾಜ್ಯವನ್ನು ಕಳೆದುಕೊಂಡು ಆಟಕ್ಕೆ ಕುಳಿತರು ಎಂದು ಯಾರಾದರೂ ಹಾಸ್ಯ ಮಾಡಬಹುದು. ಕೈಗೆ ಕೆಲಸವಿಲ್ಲದ ಅರಸನ ಕಾಲಹರಣವೆಂದು ಇದನ್ನೆಲ್ಲ ತಳ್ಳಿಹಾಕುವುದೂ ಸುಲಭ. ಆದರೆ ಕಾಲಹರಣ ಮಾಡುವವನು ಇತರರು ಕಟ್ಟಿದ ಆಟವನ್ನು ಆಡುತ್ತಾನೆ. 360 ಎಲೆಗಳ ಹೊಸ ಆಟಕ್ಕೆ ನಿಯಮ ಬರೆಯಲಾರ. ಇದೇ ದೊರೆ 1833ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ಅದೇ ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆಯಿತು. ರಾಜ್ಯವನ್ನು ಹಿಂದಕ್ಕೆ ಕೊಡಿರೆಂದು ದಶಕಗಳ ಕಾಲ ಮನವಿಯ ಮೇಲೆ ಮನವಿ ಬರೆದರು. 1865ರಲ್ಲಿ ದತ್ತು ತೆಗೆದುಕೊಂಡರು. ಆ ಮಗನಿಗೆ ರಾಜ್ಯ ಸಲ್ಲತಕ್ಕದ್ದೆಂದು 1867ರಲ್ಲಿ ಬ್ರಿಟಿಷರಿಂದ ಒಪ್ಪಿಗೆ ಪಡೆದರು. ಮರುವರ್ಷ ಕಣ್ಣು ಮುಚ್ಚಿದರು. 1881ರಲ್ಲಿ ರಾಜ್ಯ ಹಿಂದಕ್ಕೆ ಬಂದಿತು. ಎದುರಾಳಿಯ ನಡೆಗಾಗಿ ಕಾದು, ತನ್ನ ಸರದಿ ಬಂದಾಗ ಕಾಯಿಯನ್ನು ಮುಂದಿಟ್ಟವರ ಕಥೆಯಿದು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ರಾಜ್ಯ ಹಿಂದಕ್ಕೆ ಬಂದಿತು, ಆಟಗಳೇಕೆ ಬಾಳಲಿಲ್ಲ? ಹೆಸರಿಲ್ಲದವರು ಕಟ್ಟಿದ ಚೌಕಾಬಾರ ಇಂದಿಗೂ ಹಳ್ಳಿಯ ಜಗುಲಿಯ ಮೇಲಿದೆ. ದೊರೆ ಹೂಡಿದ ಛದಗಳು ಗ್ರಂಥದಲ್ಲಿ ಉಳಿದುವು. ಇದಕ್ಕೆ ಉತ್ತರವನ್ನು ಹುಡುಕುವವರು, ಅದೇ ಶತಮಾನದ ಕೊನೆಯಲ್ಲಿ ದೂರದ ಜಪಾನಿನ ಎಲೆಯಾಟಕ್ಕೆ ಏನಾಯಿತೆಂಬುದನ್ನು ಒಮ್ಮೆ ನೋಡುವುದು ಒಳ್ಳೆಯದು.

ಜಪಾನಿನ ಆಟದೆಲೆಗಳೂ ಹೊರಗಿನಿಂದ ಬಂದವೇ. 16ನೆಯ ಶತಮಾನದಲ್ಲಿ ಪೋರ್ಚುಗೀಸ್ ನಾವಿಕರು ತಂದ ‘ಕಾರ್ತ’ ಅಲ್ಲಿನವರ ಬಾಯಲ್ಲಿ ‘ಕರುತ’ವಾಯಿತು. ಜೂಜು ಹೆಚ್ಚಿತೆಂದು ಸರ್ಕಾರ ನಿಷೇಧಿಸಿದಂತೆಲ್ಲ ಜನ ಎಲೆಯ ರೂಪವನ್ನು ಬದಲಾಯಿಸಿದರು. ಅಂಕೆಗಳು ಹೋಗಿ ಹೂಗಳು ಬಂದುವು. ಹೀಗೆ ಹುಟ್ಟಿದ ‘ಹನಾಫುದ’ದಲ್ಲಿ ತಿಂಗಳಿಗೆ ನಾಲ್ಕರಂತೆ ಹನ್ನೆರಡು ತಿಂಗಳಿಗೆ 48 ಎಲೆ. 1889ರಲ್ಲಿ ಕ್ಯೋಟೋ ನಗರದಲ್ಲಿ ಫುಸಾಜಿರೋ ಯಮಾವುಚಿ ಎಂಬ ಕುಶಲಿ ಈ ಎಲೆಗಳನ್ನು ತಯಾರಿಸುವ ಅಂಗಡಿಯನ್ನು ತೆರೆದನು. ಅದರ ಹೆಸರು ನಿಂಟೆಂಡೋ. ಆ ಮನೆತನದವರು 1953ರಲ್ಲಿ ಪ್ಲಾಸ್ಟಿಕ್ಕಿನ ಎಲೆಗಳನ್ನು ಹೊರತಂದರು. 1959ರಲ್ಲಿ ವಾಲ್ಟ್ ಡಿಸ್ನಿಯ ಚಿತ್ರಗಳನ್ನು ಎಲೆಗಳ ಮೇಲೆ ಅಚ್ಚುಹಾಕಿ, ಜೂಜುಗಾರರ ಕೈಯಲ್ಲಿದ್ದ ವಸ್ತುವನ್ನು ಮಕ್ಕಳ ಕೈಗಿತ್ತರು.

ಅದೇ ಸಂಸ್ಥೆಗೆ 1977ರಲ್ಲಿ ಚಿತ್ರಗಾರನಾಗಿ ಒಬ್ಬ ತರುಣ ಸೇರಿದನು. ಕ್ಯೋಟೋದ ಸಮೀಪದ ಸೊನೊಬೆಯಲ್ಲಿ 1952ರಲ್ಲಿ ಹುಟ್ಟಿದ ಶಿಗೆರು ಮಿಯಾಮೊತೊಗೆ ಚಿತ್ರಕಥೆಗಳನ್ನು ಬರೆಯುವವನಾಗಬೇಕೆಂಬ ಹಂಬಲವಿದ್ದಿತು. ಅಮೆರಿಕದಲ್ಲಿ ಮಾರಾಟವಾಗದೆ ಉಳಿದ ಆಟದ ಯಂತ್ರಗಳಿಗೆ ಹೊಸದೊಂದು ಆಟವನ್ನು ತುಂಬುವ ಹೊಣೆ ಅವನ ಪಾಲಿಗೆ ಬಂದಿತು. ಅವನು ಮೊದಲು ಪಾತ್ರಗಳನ್ನು ಬರೆದನು: ಒಂದು ಗೊರಿಲ್ಲಾ, ಅದರ ಕೈಗೆ ಸಿಕ್ಕ ಒಬ್ಬ ತರುಣಿ, ಅವಳನ್ನು ಬಿಡಿಸಲು ಏಣಿ ಹತ್ತುವ ಒಬ್ಬ ಬಡಗಿ. ಚಿತ್ರಗಳು ನಡೆದಾಡಿದುವು, ನೆಗೆದುವು, ಬಿದ್ದುವು. 1981ರ ‘ಡಾಂಕಿ ಕಾಂಗ್’ ಅದೇ. ಆ ಬಡಗಿಯೇ ಮಾರಿಯೋ ಎಂಬ ಹೆಸರಿನಿಂದ ಜಗತ್ತಿನ ಮಕ್ಕಳಿಗೆಲ್ಲ ಪರಿಚಿತನಾದನು. ಚಿತ್ರಗಾರ, ಆಟ ಕಟ್ಟುವವನು, ಚಿತ್ರಕ್ಕೆ ಚಲನೆ ಕೊಡುವವನು ಎಂಬ ಮೂರು ಪಾತ್ರಗಳು ಒಬ್ಬನಲ್ಲಿಯೇ ಕೂಡಿದುವು.

ಮೈಸೂರಿನಲ್ಲಿಯೂ ಚಿತ್ರಗಾರರಿದ್ದರು. ಅವರ ಗೆರೆಯ ನಯ, ಚಿನ್ನದ ಕೆಲಸ, ಬಣ್ಣದ ಹದ ಲೋಕಪ್ರಸಿದ್ಧವಾದುವು. ಪ್ರತಿಭೆಯ ಕೊರತೆಯಿಂದ ಛದಗಳು ಸೋತುವೆಂದು ಹೇಳುವಂತಿಲ್ಲ. ವ್ಯತ್ಯಾಸ ಬೇರೆಡೆ ಇದೆ. ಕೈಯಿಂದ ಬರೆದ 360 ಎಲೆಗಳ ಕಟ್ಟು ಎಷ್ಟು ಮನೆಗಳನ್ನು ಮುಟ್ಟೀತು? ಒಂದು ಎಲೆ ಕಳೆದುಹೋದರೆ ಮತ್ತೊಂದನ್ನು ಬರೆಯುವವರಾರು? ಅಚ್ಚಿನಲ್ಲಿ ಬಂದ 52 ಎಲೆಗಳ ಇಸ್ಪೀಟು ಸಂತೆಯಲ್ಲಿ ಸಿಕ್ಕುತ್ತಿದ್ದಾಗ, ಹದಿನೆಂಟು ಪಂಗಡಗಳ ದೇವತೆಗಳನ್ನು ಬಾಯಿಪಾಠ ಮಾಡಿ ಆಡುವ ವ್ಯವಧಾನ ಯಾರಿಗಿದ್ದಿತು? ಕ್ಯೋಟೋದ ಅಂಗಡಿಯವನು ಗಿರಾಕಿಯನ್ನು ನೆನೆದು ಎಲೆ ಮಾಡಿದನು. ಮೈಸೂರಿನ ದೊರೆ ಪೂರ್ಣತೆಯನ್ನು ನೆನೆದು ಆಟ ಹೂಡಿದರು. ಹನ್ನೊಂದು ರುದ್ರರಲ್ಲಿ ಒಬ್ಬನೂ ತಪ್ಪಬಾರದು, ಎಂಟು ದಿಕ್ಪಾಲಕರಲ್ಲಿ ಒಬ್ಬನೂ ಬಿಟ್ಟುಹೋಗಬಾರದು ಎಂಬುದು ಅವರ ಧ್ಯೇಯ. ಗ್ರಂಥಕ್ಕೆ ಈ ಪೂರ್ಣತೆ ಭೂಷಣ; ಆಟಕ್ಕೆ ಅದು ಭಾರವಾಯಿತು.

ಇನ್ನೊಂದು ವ್ಯತ್ಯಾಸವನ್ನೂ ಮರೆಯುವಂತಿಲ್ಲ. ಮಿಯಾಮೊತೊವಿನ ಹೆಸರನ್ನು ಮಕ್ಕಳೂ ಬಲ್ಲರು. ಕೌತುಕನಿಧಿಯಲ್ಲಿ ಕುಂಚ ಆಡಿಸಿದವರ ಹೆಸರು ಓದುಗನಾದವನಿಗೆ ತಿಳಿಯದು. ಗ್ರಂಥಕ್ಕೆ ಇರುವುದು ಅರಸರ ಅಂಕಿತ. ಆಟವನ್ನು ಆಲೋಚಿಸಿದವರು ಒಂದು ಕಡೆ, ಚಿತ್ರವನ್ನು ಬರೆದವರು ಒಂದು ಕಡೆ. ಚಿತ್ರ ಬರೆದವನಿಗೆ ಇದನ್ನು ಸುಲಭ ಮಾಡೋಣ, ಇದನ್ನು ಬದಲಾಯಿಸೋಣ ಎಂದು ಹೇಳುವ ಅಧಿಕಾರ ಅರಮನೆಯಲ್ಲಿ ಇದ್ದಿರಲಾರದು.

ಈ ಮಾತು ಹಳೆಯ ಕಾಲಕ್ಕೆ ಮಾತ್ರ ಅನ್ವಯಿಸುವುದೇ? ಬೆಂಗಳೂರಿನಲ್ಲಿ ‘ಧ್ರುವ ಇಂಟರಾಕ್ಟಿವ್’ ಸಂಸ್ಥೆ 1997ರಲ್ಲಿ ಕಂಪ್ಯೂಟರ್ ಆಟಗಳ ಕೆಲಸಕ್ಕೆ ಕೈಹಾಕಿದಾಗ ಭಾರತದಲ್ಲಿ ಆ ಉದ್ಯಮವೇ ಹೊಸದು. ಮುಂದೆ ಅದು ಮುಖ್ಯವಾಗಿ ಹೊರದೇಶದ ಸಂಸ್ಥೆಗಳ ಆಟಗಳಿಗೆ ಚಿತ್ರಗಳನ್ನು ಸಿದ್ಧಪಡಿಸಿಕೊಟ್ಟು ಹೆಸರು ಗಳಿಸಿತು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡುಕೊಂಡಿತು. ಬೆಂಗಳೂರಿನ ತರುಣ ತರುಣಿಯರು ಬರೆದ ಮರ, ಬಂಡಿ, ಬೀದಿಗಳು ಜಗತ್ತಿನ ಆಟಗಳಲ್ಲಿ ಕಾಣಿಸಿಕೊಂಡಿವೆ. ಆಡುವವನಿಗೆ ಅವರ ಹೆಸರು ತಿಳಿಯದು. ಕೈಚಳಕ ನಮ್ಮದು, ಆಟ ಬೇರೆಯವರದು. ಆ ಚಿತ್ರಗಾರರಲ್ಲಿ ಒಬ್ಬರಿಗೆ ನಾಳೆ ತಮ್ಮದೇ ಆಟವೊಂದನ್ನು ಕಟ್ಟಬೇಕೆನಿಸಿದರೆ, ಕೌತುಕನಿಧಿಯಂಥ ಬೊಕ್ಕಸ ಮೈಸೂರಿನಲ್ಲಿಯೇ ಇದೆಯೆಂಬುದು ಅವರಿಗೆ ತಿಳಿದಿರಬೇಕು.

ಬೊಕ್ಕಸದ ಬಾಗಿಲು ಪೂರ್ತಿ ಮುಚ್ಚಿಲ್ಲ. ರುಡಾಲ್ಫ್ ಫಾನ್ ಲೇಡನ್ ಎಂಬ ಜರ್ಮನ್ ಮೂಲದ ಕಲಾರಸಿಕರು ಮುಂಬಯಿಯಲ್ಲಿದ್ದು ಗಂಜೀಫಾ ಎಲೆಗಳನ್ನು ಸಂಗ್ರಹಿಸಿ ಅಭ್ಯಸಿಸಿದರು. ಅವರ ಪುಸ್ತಕವನ್ನು 1982ರಲ್ಲಿ ಲಂಡನ್ನಿನ ವಸ್ತುಸಂಗ್ರಹಾಲಯವೊಂದು ಪ್ರಕಟಿಸಿತು. ಸಾವಂತವಾಡಿಯ ಅರಮನೆಯವರು 1970ರ ದಶಕದಲ್ಲಿ, ಉಳಿದಿದ್ದ ಮುದುಕ ಕುಶಲಿಯಿಂದ ಕಲಿತು, ತಮ್ಮ ದರ್ಬಾರು ಹಜಾರದಲ್ಲಿಯೇ ಎಲೆ ಬರೆಯುವ ಕೆಲಸವನ್ನು ಮತ್ತೆ ಹೂಡಿದರು. ಮೈಸೂರಿನ ಗಂಜೀಫಾ ಎಲೆಗಳಿಗೆ ಭೌಗೋಳಿಕ ಗುರುತಿನ ರಕ್ಷಣೆ ದೊರೆತಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ವೆಂಬ ಪ್ರದರ್ಶನಗಳನ್ನು ನಡೆಸಿ, ಮರೆತ ಆಟಗಳ ಹಾಸು ಕಾಯಿಗಳನ್ನು ಕುಶಲಿಗಳಿಂದ ಹೊಸದಾಗಿ ಮಾಡಿಸಿದ್ದಾರೆ. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ಕನ್ನಡಿಯ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಗಂಜೀಫಾ ಎಲೆ ಚಿತ್ರವಾಗಿ ಬದುಕಿತೇ ಹೊರತು ಆಟವಾಗಿ ಬದುಕಲಿಲ್ಲ. ಅದು ಮತ್ತೆ ಆಟವಾಗಬೇಕಾದರೆ ಮೂವರು ಕುಳಿತು ಎಲೆ ಹಂಚಿಕೊಳ್ಳಬೇಕು, ಸೋಲಬೇಕು, ಜಗಳವಾಡಬೇಕು, ಇನ್ನೊಂದು ಸುತ್ತು ಎನ್ನಬೇಕು.

ದಶಾವತಾರದ 120 ಎಲೆ ಇಂದಿನ ಮನೆಗೆ ಹೆಚ್ಚಾಯಿತೆಂದರೆ, ಅದರಲ್ಲಿಯೇ ನಾಲ್ಕೈದು ಪಂಗಡಗಳನ್ನು ಆರಿಸಿಕೊಂಡು ಆಡಿದರೆ ತಪ್ಪೇನು? ಹಳೆಯದಕ್ಕೆ ಹೊಸ ನಿಯಮ ಕಟ್ಟುವ ಧೈರ್ಯವನ್ನು ಮುಮ್ಮಡಿಯವರೇ ತೋರಿಸಿಕೊಟ್ಟಿದ್ದಾರೆ. ಅವರು ಎಲೆಗಳನ್ನು ಕೂಡಿಸಿದರು. ಇಂದಿನವರು ಕಳೆದರೂ ಅವರ ದಾರಿಯಲ್ಲಿಯೇ ನಡೆದಂತೆ.

ಜಗುಲಿಯ ಮೇಲೆ ಈಗ ಹೊತ್ತು ಇಳಿಯುತ್ತಿದೆ. ಫೋನಿನಲ್ಲಿ ಏನನ್ನೋ ಓಡಿಸುತ್ತಿದ್ದ ಹಿರಿಯ ಮೊಮ್ಮಗ, ಕಂಬಕ್ಕೆ ಒರಗಿದವನು, ಕವಡೆಯ ಸದ್ದಿಗೆ ತಲೆಯೆತ್ತಿ ನೋಡುತ್ತಾನೆ. ತಂಗಿಯ ಕಾಯಿಯನ್ನು ಅಜ್ಜಿ ಆಗತಾನೇ ಹೊಡೆದಿದ್ದಾಳೆ. ಹುಡುಗಿ ಅಳುವುದೋ ನಗುವುದೋ ತಿಳಿಯದೆ ಕುಳಿತಿದ್ದಾಳೆ. “ನಿನ್ನ ಪರವಾಗಿ ನಾನು ಹಾಕಲೇನೇ?” ಎಂದು ಅವನು ಫೋನನ್ನು ಕೆಳಗಿಟ್ಟು ಹತ್ತಿರ ಬರುತ್ತಾನೆ. “ಬಾರೋ, ಕುಳಿತುಕೋ,” ಎಂದು ಅಜ್ಜಿ ಸ್ವಲ್ಪ ಸರಿದು ಜಾಗ ಮಾಡುತ್ತಾಳೆ. ಅಳಿಸಿಹೋಗಿದ್ದ ಒಂದು ಗೆರೆಯನ್ನು ಸೀಮೆಸುಣ್ಣದಿಂದ ಮತ್ತೆ ತಿದ್ದುತ್ತಾಳೆ. ಕವಡೆಗಳು ಅವನ ಅಂಗೈಯಲ್ಲಿ ಗಲಗಲಿಸುತ್ತವೆ.